ಹಳದಿ ಬರುವ ತನಕ

ಎಲ್ಲದಕ್ಕೂ ಮೂಲ ಕಾರ್ಖಾನೆಯ ಧಣಿ ದೋನ್ ರುಟಿಲಿಯೊ ಅವರ ಹೆಂಡತಿಯ ಸೋದರಮಾವನ ಮಗ. ಆತ ನಮ್ಮ ಸಾನ್ ಪ್ಲಾಸಿದೊ ಊರಿನ ಮೇಯರ್ ಹುದ್ದೆಗೆ ಮೀನಿನ ಗುರುತಿನಲ್ಲಿ ನಿಂತಿದ್ದ. ಮೀನಿನ ಕೂಟದ ಬಣ್ಣ ನೀಲಿ. ಎದುರಿಗೆ ನಿಂತಿದ್ದು ಜೋಳದ ತೆನೆಯ ಕೂಟ, ಅವರದು ಹಳದಿ. ಚುನಾವಣೆ ಹತ್ತಿರ ಬಂದ ಕೂಡಲೇ ಎರಡೂ ಕೂಟಗಳಿಗೆ ಮತದಾರರ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು; ಮನೆಗೊಂದು ಪ್ಲಾಸ್ಟಿಕ್ ಕೊಡ ಹಂಚುವುದೆಂದು ತೀರ್ಮಾನಿಸಿದವು. ನಮ್ಮ ಊರಿನ ನಲ್ಲಿಗಳಲ್ಲಿ ನೀರು ಬರುವುದಿಲ್ಲ ಎಂಬುದು ಬೇರೆ ಮಾತು. ನೀರು ಕೊಡುವುದು ಕಷ್ಟ, ಕೊಡ ಕೊಡುವುದು ಸುಲಭ.

ಎರಡೂ ಆರ್ಡರು ಬಂದದ್ದು ದೋನ್ ರುಟಿಲಿಯೊ ಅವರ ಕಾರ್ಖಾನೆಗೆ, ಅದೂ ಒಂದೇ ದಿನಕ್ಕೆ. ಅಲ್ಲಿ ಇದ್ದ ಯಂತ್ರ ಒಂದು, ಅದರ ಗುಣ ಬಲ್ಲವನೂ ಒಬ್ಬನೇ. ಅವನ ಹೆಸರು ಅನ್ಸೆಲ್ಮೊ ಮೊರಾತಾಯಾ, ಊರವರ ಬಾಯಲ್ಲಿ ಚೆಮೊ.

ಯಂತ್ರದ ಕೆಲಸ ಹೇಳುವುದಕ್ಕೆ ಸರಳ. ಮೇಲಿನ ಬಾಯಿಗೆ ಪ್ಲಾಸ್ಟಿಕ್ ಕಾಳು, ಬಣ್ಣದ ಪುಡಿ ಸುರಿದರೆ ಎರಡೂ ಒಳಗೆ ಕರಗಿ ಬೆರೆತು, ಮೆತ್ತನೆಯ ಬಿಸಿ ಕೊಳವೆಯಾಗಿ ಕೆಳಗಿಳಿದು ನೇತಾಡುತ್ತದೆ. ಅಚ್ಚಿನ ಎರಡು ಹೋಳುಗಳು ಆ ಕಡೆ ಈ ಕಡೆಯಿಂದ ಬಂದು ಅದನ್ನು ಗಬಕ್ಕನೆ ಹಿಡಿಯುತ್ತವೆ. ಒಳಕ್ಕೆ ಗಾಳಿ ನುಗ್ಗುತ್ತದೆ. ಕೊಳವೆ ಉಬ್ಬಿ, ಅಚ್ಚಿಗೆ ಒತ್ತಿಕೊಂಡು, ತಣ್ಣಗಾಗುತ್ತದೆ. ಅಚ್ಚು ತೆರೆದರೆ ಕೊಡ. ಒಳಗೆ ಬರೀ ಗಾಳಿ, ಹೊರಗೆ ಥಳಥಳ. ಚುನಾವಣೆಗೆ ನಿಂತವರಿಗೆ ಈ ಯಂತ್ರದ ಮೇಲೆ ಯಾಕಿಷ್ಟು ಮಮತೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಬೆಳಿಗ್ಗೆ ಬಂದವನೇ ಚೆಮೊ ಮಾಲೀಕರ ಕೋಣೆಯ ಬಾಗಿಲಲ್ಲಿ ನಿಂತು ಟೋಪಿ ತೆಗೆದ.

"ದೋನ್ ರುಟಿಲಿಯೊ, ಮೊದಲು ಹಳದಿ ಹೊಡೆದುಬಿಡೋಣ, ಆಮೇಲೆ ನೀಲಿ. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಬೇಗ ಹಿಡಿಯುತ್ತೆ. ಉಲ್ಟಾ ಮಾಡಿದ್ರೆ ಒಳಗಿನ ಸಂದೀಲಿ ಕೂತಿರೋ ನೀಲಿ ಸಾಯಂಕಾಲದ ತನಕ ಇಳೀತಾನೇ ಇರುತ್ತೆ."

"ಮೊದಲು ಮೀನು," ಎಂದರು ದೋನ್ ರುಟಿಲಿಯೊ, ಕಾಫಿಯಲ್ಲಿ ರೊಟ್ಟಿ ಅದ್ದುತ್ತ. "ನೀಲಿ ಕೊಡ ಎರಡನೇದಾಗಿ ಬಂತು ಅಂದ್ರೆ ನನ್ನ ಹೆಂಡ್ತಿ ನನಗೆ ಊಟ ಹಾಕಲ್ಲ. ನೀನು ಹಾಕ್ತೀಯಾ?"

"ನನಗೆ ಇವತ್ತು ನಾಲ್ಕಕ್ಕೆ ಒಂದು ಮದುವೆ ಇದೆ, ದೋನ್."

"ಯಾರದಯ್ಯಾ?"

"ನಂದೇ."

ಮಾಲೀಕರು ರೊಟ್ಟಿಯನ್ನು ಕಾಫಿಯಲ್ಲೇ ಬಿಟ್ಟು ಅವನನ್ನು ನೋಡಿದರು. "ನಿನಗೆ ಮೂರು ಮಕ್ಕಳಿದ್ದಾವಲ್ಲೋ!"

ಮೂರು ಮಕ್ಕಳಿದ್ದದ್ದು ನಿಜ. ಚೆಮೊ ಮತ್ತು ಒಟಿಲಿಯಾ ಒಟ್ಟಿಗೆ ಸಂಸಾರ ಹೂಡಿ ಹದಿಮೂರು ವರ್ಷವಾಗಿತ್ತು. ನಮ್ಮ ಕಡೆ ಅದೇನು ಅವಮಾನವಲ್ಲ. ಸಂಸಾರಕ್ಕೆ ಒಂದು ಸೂರು ಸಾಕು, ಮದುವೆಗೆ ಊರಿಗೆಲ್ಲ ಊಟ ಹಾಕಬೇಕು. ಆದರೆ ತಿಲಾಗೆ, ಅಂದರೆ ಒಟಿಲಿಯಾಗೆ, ತನ್ನ ತಾಯಿಯ ಕಣ್ಣು ಪೂರಾ ಮಂಜಾಗುವುದರೊಳಗೆ ಬಿಳಿ ಬಟ್ಟೆ ಉಟ್ಟು ಚರ್ಚಿನ ನಡುವೆ ನಡೆದು ತೋರಿಸಬೇಕೆಂಬ ಆಸೆ. ಚೆಮೊಗೆ ತಿಲಾ ಎಂದರೆ ಜೀವ. ಅವಳು ಕೇಳಿದ್ದೇ ಅದೊಂದು, ಅದನ್ನೂ ಅವನು ಎರಡು ಸಲ ಕೆಡಿಸಿದ್ದ. ಮೊದಲ ಸಲ ಅಚ್ಚು ಕಚ್ಚಿಕೊಂಡು ತೆರೆಯಲಿಲ್ಲ. ಎರಡನೇ ಸಲ ಕರೆಂಟು ಹೋಗಿ ಯಂತ್ರದ ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕೆಲ್ಲ ಗಡ್ಡೆ ಕಟ್ಟಿತು. ಎರಡು ಸಲವೂ ತಿಲಾ ಹೂವು ಹಿಡಿದು ಚರ್ಚಿನಲ್ಲಿ ಕಾದು, ಹೂವು ಬಾಡಿದ ಮೇಲೆ ಮನೆಗೆ ಹೋಗಿದ್ದಳು. "ಆ ಯಂತ್ರಾನೇ ಕಟ್ಟಿಕೋ. ಅದಕ್ಕೆ ಬಿಳಿ ಬಟ್ಟೇನೂ ಬೇಡ, ಗ್ರೀಸು ಸಾಕು," ಎಂದಿದ್ದಳು. ಪಾದ್ರಿ ಬರ್ನಾಬೆ ಇನ್ನೂ ಚುಟುಕಾಗಿ ಹೇಳಿದ್ದರು: "ಮೂರನೇ ಸಲ ತಪ್ಪಿದ್ರೆ ನನ್ನ ಹತ್ರ ಬರಬೇಡ ಚೆಮೊ. ನೇರ ದೇವರ ಹತ್ರಾನೇ ಹೋಗು."

ಇಷ್ಟೆಲ್ಲ ಕೇಳಿ ದೋನ್ ರುಟಿಲಿಯೊ ಅವರ ಹೃದಯ ಕರಗಿತು, ಅಂದರೆ ಅದರ ಹೊರ ಅಂಚು ಸ್ವಲ್ಪ ಮೆತ್ತಗಾಯಿತು.

"ಸರಿ. ನೀಲಿ ಮುಗಿಸು. ಆಮೇಲೆ ಒಂದೇ ಒಂದು ಅಪ್ಪಟ ಹಳದಿ ಕೊಡ ತಂದು ನನ್ನ ಕೈಲಿಡು. ಆಮೇಲೆ ಯಂತ್ರ ತಾನಾಗೇ ಹೊಡೀತಾ ಇರುತ್ತೆ, ಕ್ರಿಸ್ಪುಲೊ ಎತ್ತಿ ಎತ್ತಿ ಜೋಡಿಸ್ತಾನೆ. ನೀನು ಹೋಗಿ ಮದುವೆ ಆಗು, ಸಾಯಿ, ಏನು ಬೇಕಾದ್ರೂ ಮಾಡು."

ಚೆಮೊ ಕೆಲಸದ ಮೇಲಂಗಿಯ ಒಳಗೆ ಮದುವೆಯ ಬಿಳಿ ಶರಟು, ಕಪ್ಪು ಪ್ಯಾಂಟು ಹಾಕಿಕೊಂಡೇ ಬಂದಿದ್ದ. ಮನೆಗೆ ಹೋಗಿ ಬಟ್ಟೆ ಬದಲಿಸುವ ಸಮಯ ಉಳಿಯಲಿ ಎಂದು. ಯಂತ್ರದ ಪಕ್ಕದ ಬಿಸಿಗೆ ಬೆಳಿಗ್ಗೆಯೇ ಅವನು ಎರಡು ಅಂಗಿಯೊಳಗೆ ಬೇಯತೊಡಗಿದ.

ನೀಲಿ ಕೊಡಗಳು ಒಂದರ ಹಿಂದೊಂದು ಸೊಗಸಾಗಿ ಬಂದವು. ಎಲ್ಲ ಮುಗಿದ ಮೇಲೆ ಚೆಮೊ ಹಳದಿ ಪುಡಿ ಸುರಿದು, ಶಿಲುಬೆಯ ಗುರುತು ಮಾಡಿಕೊಂಡು, ಗುಂಡಿ ಒತ್ತಿದ. ಬಂದದ್ದು ನೀಲಿ. ಆಮೇಲೆ ಬಂದದ್ದೂ ನೀಲಿ. ಅದರ ಮೇಲೆ ಬಂದದ್ದು ಹಸಿರು, ಅಲ್ಲಲ್ಲಿ ನೀಲಿ ಗೆರೆ, ನಡುವೆ ಹಳದಿ ಸುಳಿ. ಎಲ್ಲಿ ಯಾವುದು ಶುರುವಾಗಿ ಎಲ್ಲಿ ಯಾವುದು ಮುಗಿಯುತ್ತದೆ ಎಂದು ಬಣ್ಣಕ್ಕೇ ಗೊತ್ತಿದ್ದ ಹಾಗಿರಲಿಲ್ಲ.

ಇಂಥ ಹಾಳು ಕೊಡಗಳನ್ನು ಹಲ್ಲಿನ ಯಂತ್ರಕ್ಕೆ ಹಾಕಿ ಪುಡಿ ಮಾಡುವುದು ಕೈಯಾಳು ಕ್ರಿಸ್ಪುಲೊನ ಕೆಲಸ. ಅವನಿಗೆ ಕೈಗಿಂತ ಬಾಯಿ ಚುರುಕು.

"ಸೋಪಿನ ಪುಡಿ ಹಾಕೋ ಚೆಮೊ," ಎಂದ. "ನನ್ನ ಭಾವ ರಾಜಧಾನೀಲಿ ಹಾಗೇ ಮಾಡ್ತಾನೆ. ಒಳಗಿನದೆಲ್ಲ ತೊಳೆದು ಬಂದ್ಬಿಡುತ್ತೆ."

"ನಿನ್ನ ಭಾವ ಮಾಡೋದು ಬ್ಯಾಂಕಿನ ಕಾವಲು ಅಲ್ವೇನೋ?"

"ಕಾವಲುಗಾರನಿಗೆ ಬಟ್ಟೆ ಒಗೆಯೋಕೆ ಬರಲ್ವಾ?"

ಚೆಮೊ ಬೇಡ ಎನ್ನುವುದರೊಳಗೆ ಕ್ರಿಸ್ಪುಲೊ ಮೇಲೆ ಹತ್ತಿ ಒಂದು ಪೊಟ್ಟಣ ಪೂರ್ತಿ ಸುರಿದುಬಿಟ್ಟ. ಮುಂದಿನ ಕೊಡಗಳು ಮೈತುಂಬ ಗುಳ್ಳೆ ಎದ್ದು ಬಂದವು. ಒಂದಕ್ಕೆ ನೀರು ಹಾಕಿ ನೋಡಿದರೆ ಜರಡಿಯ ಹಾಗೆ ಎಲ್ಲ ಕಡೆಯಿಂದ ಸೋರಿತು. ವಾಸನೆ ಮಾತ್ರ ಈಗಷ್ಟೇ ಒಗೆದು ಹರವಿದ ಬಟ್ಟೆಯಂತೆ ಘಮ್ಮೆನ್ನುತ್ತಿತ್ತು. ಬಣ್ಣ ಹಸಿರೇ.

ಮಾಲೀಕರು ಹೊರಗೆ ಬಂದು ತಮ್ಮ ಜ್ಞಾನವನ್ನೂ ಸೇರಿಸಿದರು. "ಬಿಸಿ ಏರಿಸೋ. ಬಿಸಿಗೆ ಕರಗದೇ ಇರೋದು ಯಾವುದಿದೆ?"

ಬಿಸಿ ಏರಿಸಿದ. ಕೊಳವೆ ಗಟ್ಟಿಯಾಗಿ ನೇತಾಡುವ ಬದಲು ಸಡಿಲಾಗಿ ಜೋತು, ಅಚ್ಚು ಮುಚ್ಚುವುದರೊಳಗೆ ಕಳಚಿ ಬಿದ್ದು ಚೆಮೊನ ಬೂಟಿನ ಮೇಲೆ ಕೂತಿತು. ಅವನು ಒಂಟಿ ಕಾಲಿನಲ್ಲಿ ಕುಣಿಯುತ್ತಿದ್ದಾಗಲೇ ಬಾಗಿಲಲ್ಲಿ ತೆನೆಯ ಕೂಟದ ಮುಖ್ಯಸ್ಥ, ನಿವೃತ್ತ ಮೇಷ್ಟ್ರು ಸಾಂದೋವಲ್ ಕಾಣಿಸಿಕೊಂಡರು. ತಮ್ಮ ಹಳದಿ ಕೊಡ ನೋಡಲು ಬಂದಿದ್ದರು. ಒಂದು ಹಸಿರು ಕೊಡವನ್ನು ಕೊಡೆಯ ತುದಿಯಿಂದ ತಿರುಗಿಸಿದರು.

"ಏನಯ್ಯಾ ಇದು? ನಮ್ಮ ಜೋಳಕ್ಕೆ ಬೂಷ್ಟು ಹಿಡಿಸಿದ್ದೀಯಾ? ಮೀನಿನವರು ನಿನಗೆ ಏನು ತಿನ್ನಿಸಿದ್ರು?"

"ಏನೂ ಇಲ್ಲ ಮೇಷ್ಟ್ರೇ. ಬಣ್ಣ ತಿರುಗ್ತಾ ಇದೆ, ಅಷ್ಟೇ."

"ತಿರುಗ್ತಾ ಇದೆಯಂತೆ! ಕ್ಲಾಸಲ್ಲೂ ಹಿಂಗೇ ಅಂತಿದ್ದೆ. ಉತ್ತರ ಬರ್ತಾ ಇದೆ, ಬರ್ತಾ ಇದೆ ಅಂತ. ಬಂತಾ ಯಾವತ್ತಾದ್ರೂ?"

ಮೇಷ್ಟ್ರ ಬೆನ್ನಿಗೇ ಮೀನಿನ ಕೂಟದ ವಕೀಲ ಓವಾಯೆ ಬಂದರು. ಅವರು ಬಂದದ್ದು ತಮ್ಮ ನೀಲಿ ಕೊಡಗಳನ್ನು ಲಾರಿಗೆ ತುಂಬಿಸಲು. ಹಸಿರು ಕೊಡ ನೋಡಿ ಅವರ ಮುಖ ಕೆಂಪಾಯಿತು.

"ನಮ್ಮ ನೀಲಿನ ಅವರ ಕೊಡಕ್ಕೆ ಬೆರೆಸ್ತಾ ಇದ್ದೀಯಾ? ಇದು ಮತಗಳ್ಳತನ! ಈ ಕೊಡ ನೋಡಿದೋರು ಮೀನಿಗೆ ಹಾಕಬೇಕಾದ ವೋಟನ್ನ ತೆನೆಗೆ ಹಾಕಿಬಿಡ್ತಾರೆ!"

"ನಿಮ್ಮ ಮೀನು ತಾಕಿದ್ರೆ ನಮ್ಮ ಜೋಳಾನ ಹಂದೀನೂ ಮೂಸಲ್ಲ ರೀ," ಎಂದರು ಮೇಷ್ಟ್ರು.

ಹತ್ತು ವರ್ಷಗಳಲ್ಲಿ ಇಬ್ಬರೂ ಒಂದೇ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅಂದೇ ಇರಬೇಕು: ಒಂದೂ ಹಸಿರು ಕೊಡ ಈ ಗೇಟು ದಾಟಬಾರದು, ಎಲ್ಲವೂ ತಮ್ಮ ಕಣ್ಣೆದುರಿಗೇ ಪುಡಿಯಾಗಬೇಕು. ಎರಡು ಕುರ್ಚಿ ತರಿಸಿ, ಬೆನ್ನಿಗೆ ಬೆನ್ನು ಹಾಕಿ ಕೂತರು. ಚೆಮೊ ಕೊಡ ತೆಗೆಯುತ್ತಿದ್ದ, ಕ್ರಿಸ್ಪುಲೊ ಪುಡಿ ಮಾಡುತ್ತಿದ್ದ. ಊರಿಗೆ ನೀರು ಬರುವ ಬಗ್ಗೆ ಈ ಇಬ್ಬರೂ ಇದರ ಅರ್ಧದಷ್ಟು ನಿಗಾ ಇಟ್ಟಿದ್ದರೆ ನಾವೆಲ್ಲ ದಿನಕ್ಕೆರಡು ಸಲ ಸ್ನಾನ ಮಾಡುತ್ತಿದ್ದೆವು.

ಮಧ್ಯಾಹ್ನ ಇಬ್ಬರೂ ಊಟಕ್ಕೆಂದು ಎದ್ದು ಬೇರೆ ಬೇರೆ ದಿಕ್ಕಿಗೆ ಹೋದರು. ಆಗ ಬಂದವಳು ದೋನ್ಯಾ ಲಾಲಾ. ಕಾರ್ಖಾನೆಯವರಿಗೆ ತೊರ್ತಿಯಾ ರೊಟ್ಟಿ, ಹುರುಳಿ, ಬಿಸಿ ಜೋಳದ ಗಂಜಿ ಮಾರುವವಳು, ಊರಿನ ಸುದ್ದಿಗೇ ಕಾಲು ಮೂಡಿದ ಹಾಗಿದ್ದಳು. ಚೆಮೊಗೆ ಅವಳನ್ನು ಕಂಡು ಜೀವ ಬಂತು.

"ದೋನ್ಯಾ ಲಾಲಾ, ಮಾರ್ಕೆಟ್ ದಾಟಿ ಹೋಗ್ತೀರಲ್ಲ, ಹಾಗೇ ನಮ್ಮನೆ ಹತ್ರ ಹೋಗಿ ತಿಲಾಗೆ ಒಂದು ಮಾತು ಹೇಳಿ. ಬರ್ತೀನಿ ಅಂತ. ಈ ಸಲ ಸತ್ತರೂ ಬರ್ತೀನಿ ಅಂತ."

"ಸತ್ತು ಬಂದ್ರೆ ಪಾದ್ರಿಗೆ ಎರಡು ಕೆಲಸ ಆಗುತ್ತಪ್ಪಾ." ಅವಳ ಕಣ್ಣು ಹಸಿರು ಕೊಡಗಳ ರಾಶಿಯ ಮೇಲಿತ್ತು. "ಅಯ್ಯೋ ನೋಡು, ಎಷ್ಟು ಚಂದ ಇದೆ! ಗಿಳಿ ಪುಕ್ಕದ ಥರ. ಒಂದು ಕೊಡೋ ಮಗಾ."

"ಅಯ್ಯೋ, ಇದು ಹೊರಗೆ ಹೋದ್ರೆ ನನ್ನ ತಲೆ ಹೋಗುತ್ತೆ."

"ಹಾಗಾದ್ರೆ ನನ್ನ ಕಾಲಿಗೂ ಇವತ್ತು ನೋವು. ಆ ಕಡೆ ಹೋಗೋಕಾಗಲ್ಲ."

ಚೆಮೊ ಆ ಕಡೆ ಈ ಕಡೆ ನೋಡಿ, ಗುಳ್ಳೆ ಇಲ್ಲದ ಒಂದನ್ನು ಆರಿಸಿ ಕೊಟ್ಟ. ಅವನಿಗೆ ಆ ಹೊತ್ತಿನಲ್ಲಿ ತಿಲಾಳ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ದೋನ್ಯಾ ಲಾಲಾ ಕೊಡವನ್ನು ತಲೆಯ ಮೇಲೆ ಏರಿಸಿ, ಮಾರ್ಕೆಟ್ಟಿನ ನಟ್ಟನಡುವೆ, ಬೇಕೆಂದೇ ನಿಧಾನಕ್ಕೆ ನಡೆದು ಹೋದಳು.

ಊಟದ ನಂತರ ವಕೀಲರು ವಾಪಸು ಬಂದದ್ದು ಓಡುತ್ತ. ಮೇಷ್ಟ್ರು ಬಂದದ್ದು ಅವರ ಹಿಂದೆಯೇ ಏದುಸಿರು ಬಿಡುತ್ತ.

"ಮಾರ್ಕೆಟ್ಟಲ್ಲಿ ಏನಂತಿದ್ದಾರೆ ಗೊತ್ತಾ?" ವಕೀಲರು ಕಿರುಚಿದರು. "ಮೀನೂ ತೆನೆನೂ ಒಂದಾಗಿದೆಯಂತೆ! ಅದಕ್ಕೇ ಕೊಡ ಎರಡೂ ಬಣ್ಣದ್ದಂತೆ! ಟೊಮೇಟೊ ಮಾರೋಳು ನನ್ನ ಕೈ ಕುಲುಕಿ, ದೇವರು ಒಳ್ಳೇದು ಮಾಡ್ಲಿ ಅಂದ್ಳು!"

"ನನ್ನ ಕೆನ್ನೆಗೆ ಮುತ್ತು ಕೊಟ್ಟಳು ರೀ ಒಬ್ಬಳು," ಎಂದರು ಮೇಷ್ಟ್ರು. ಕೋಪದಲ್ಲೇ ಹೇಳಿದರು, ಆದರೆ ಕೆನ್ನೆ ಒರೆಸಿಕೊಂಡಿರಲಿಲ್ಲ.

"ಆ ಕೊಡ ಹೊರಗೆ ಹೇಗೆ ಹೋಯ್ತೋ ಚೆಮೊ?"

ಚೆಮೊ ಬಾಯಿ ತೆರೆಯುವುದರೊಳಗೆ ಕ್ರಿಸ್ಪುಲೊ ಎಲ್ಲವನ್ನೂ ಸವಿವರವಾಗಿ ಹೇಳಿಬಿಟ್ಟ, ಕೇಳದೇ ಇದ್ದದ್ದನ್ನೂ ಸೇರಿಸಿ. ದೋನ್ ರುಟಿಲಿಯೊ ಹಣೆ ಚಚ್ಚಿಕೊಂಡರು. ಉಳಿದ ಹಸಿರು ಕೊಡಗಳೆಲ್ಲ ಕೂಡಲೇ ಪುಡಿಯಾದವು. ಒಂದು ಹಿಡಿಕೆಯ ಚೂರು ಕೂಡ ಉಳಿಯದಂತೆ ವಕೀಲರೇ ನೆಲ ಗುಡಿಸಿ ಹಲ್ಲಿನ ಯಂತ್ರಕ್ಕೆ ಸುರಿದರು. ಆಮೇಲೆ ತಾವು ಒಂದಾಗಿಲ್ಲ ಎಂದು ಜನರಿಗೆ ಖುದ್ದಾಗಿ ಹೇಳುವುದಕ್ಕೆ ಇಬ್ಬರೂ ಹೊರಟರು. ಗೇಟಿನ ಬಳಿ ಇದ್ದದ್ದು ಒಂದೇ ಟುಕ್-ಟುಕ್ ಆಟೊ. ಅದರಲ್ಲೇ ಅಕ್ಕಪಕ್ಕ ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಹೋದರು.

ಮಾಲೀಕರು ಕೋಣೆಗೆ, ಕ್ರಿಸ್ಪುಲೊ ಹಲ್ಲಿನ ಯಂತ್ರದ ಬಳಿಗೆ ಹೋದ ಮೇಲೆ ಚೆಮೊ ಒಬ್ಬನೇ ಉಳಿದ. ಯಾರೂ ಬುದ್ಧಿ ಹೇಳದೇ ಇದ್ದದ್ದರಿಂದ ಕೆಲಸ ಸರಿಯಾಗಿ ಸಾಗಿತು. ಬಿಸಿ ಇಳಿಸಿದ. ಗಟ್ಟಿ ಜಾತಿಯ ಬಿಳಿ ಕಾಳು ಸುರಿದು ಯಂತ್ರದ ಗಂಟಲನ್ನು ಉಜ್ಜಿ ಉಜ್ಜಿ ತೊಳೆದ. ಬಾಯಿಯ ತುದಿಯನ್ನು ಹಿತ್ತಾಳೆಯ ಕಡ್ಡಿಯಿಂದ ಕೆರೆದ. ಹಸಿರು ತಿಳಿಯಾಯಿತು, ಎಳೆ ನಿಂಬೆಯಾಯಿತು, ಕೊನೆಗೆ ಒಂದೇ ಒಂದು ನೀಲಿ ಕೂದಲೆಳೆ ಉಳಿದು, ಬಿಡಲಾರೆ ಬಿಡಲಾರೆ ಎಂದು ಕೊಡದಿಂದ ಕೊಡಕ್ಕೆ ಬರುತ್ತಿತ್ತು. ಚೆಮೊಗೆ ಅಳು ಬಂತು. ಅತ್ತೇಬಿಟ್ಟ. "ಅವಳು ಕಾಯ್ತಾ ಇದ್ದಾಳೆ ಕಣೇ," ಎಂದು ಯಂತ್ರಕ್ಕೇ ಹೇಳಿದ. ಬೆವರು, ಕಣ್ಣೀರು ಎರಡನ್ನೂ ಒಂದು ಕೈಯಿಂದ ಒರೆಸಿಕೊಂಡ, ಇನ್ನೊಂದು ಕೈಯಿಂದಲೂ ಒರೆಸಿಕೊಂಡ.

ಅಚ್ಚು ತೆರೆಯಿತು. ಒಳಗೆ ಅಪ್ಪಟ ಹಳದಿ ಕೊಡ.

ಅದನ್ನು ಎದೆಗವಚಿಕೊಂಡು ಓಡಿ ಮಾಲೀಕರ ಮೇಜಿನ ಮೇಲಿಟ್ಟ. ದೋನ್ ರುಟಿಲಿಯೊ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. "ಹೌದಾ? ಹೌದಾ?" ಎನ್ನುತ್ತಲೇ ಕೈಸನ್ನೆಯಲ್ಲಿ ನಿಲ್ಲು ಎಂದರು. ಚೆಮೊ ಅದನ್ನು ಹೋಗು ಎಂದು ಅರ್ಥ ಮಾಡಿಕೊಂಡ. ಹದಿಮೂರು ವರ್ಷದಲ್ಲಿ ಅವನು ಮಾಡಿದ ಒಂದೇ ಜಾಣತನ ಅದು. ಮೇಲಂಗಿ ಕಿತ್ತೆಸೆದು ಬೀದಿಗೆ ಬಿದ್ದ.

ಟುಕ್-ಟುಕ್ ಸಿಕ್ಕಿತು, ಆದರೆ ಚೌಕದಲ್ಲಿ ನಿಂತುಬಿಟ್ಟಿತು. ಒಂದು ಕಡೆಯಿಂದ ನೀಲಿ ಬಾವುಟ, ಇನ್ನೊಂದು ಕಡೆಯಿಂದ ಹಳದಿ ಬಾವುಟ, ನಡುವೆ ಪಟಾಕಿ, ಮರಿಂಬಾ ವಾದ್ಯ.

"ಏನು, ಹೊಡೆದಾಟಾನಾ?" ಎಂದು ಕೇಳಿದ ಚೆಮೊ.

"ಗೊತ್ತಾಗ್ತಿಲ್ಲ ಗುರು," ಎಂದ ಚಾಲಕ ಕತ್ತು ಚಾಚಿ. "ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ."

ಯಾರು ಯಾರನ್ನು ಹಿಡಿದುಕೊಂಡರೆ ತನಗೇನು ಎಂದು ಚೆಮೊ ಇಳಿದು ಓಡಿದ. ಚರ್ಚಿನ ಮೆಟ್ಟಿಲು ಹತ್ತುವಾಗ ಗೋಪುರದ ಗಡಿಯಾರ ನಾಲ್ಕು ಹೊಡೆಯುತ್ತಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಅವನು ಒಂದು ಕಡೆಗೆ ಸರಿಯಾದ ಹೊತ್ತಿಗೆ ಬಂದಿದ್ದ.

ಅವನು ಒಳಗೆ ಕಾಲಿಟ್ಟ ಕೂಡಲೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ತನ್ನ ಮದುವೆಗೆ ಊರು ಇಷ್ಟು ಸಂಭ್ರಮ ಪಡುತ್ತದೆಂದು ಚೆಮೊ ಕನಸಿನಲ್ಲೂ ಎಣಿಸಿರಲಿಲ್ಲ. ಪವಿತ್ರ ಜಲದ ಬೋಗುಣಿಯಲ್ಲಿ ಬಗ್ಗಿ ನೋಡಿಕೊಂಡಾಗ ಕಾರಣ ತಿಳಿಯಿತು. ಒಂದು ಕೈಗೆ ನೀಲಿ ಪುಡಿ, ಇನ್ನೊಂದಕ್ಕೆ ಹಳದಿ ಪುಡಿ ಮೆತ್ತಿತ್ತು; ಎರಡರಿಂದಲೂ ಒರೆಸಿಕೊಂಡ ಮುಖ ಹಸಿರಾಗಿತ್ತು, ಗೆರೆ ಗೆರೆಯಾಗಿ.

ಬಲಿಪೀಠದ ಬಳಿ ತಿಲಾ ನಿಂತಿದ್ದಳು, ಬಿಳಿ ಬಟ್ಟೆಯಲ್ಲಿ, ತಾಯಿಯ ಕೈ ಹಿಡಿದು. ಅಷ್ಟು ಚೆಂದ ಅವಳು ಎಂದೂ ಕಂಡಿರಲಿಲ್ಲ. ಅವಳ ಒಂದು ಪಕ್ಕದಲ್ಲಿ ಮೀನಿನ ಅಭ್ಯರ್ಥಿ, ಇನ್ನೊಂದು ಪಕ್ಕದಲ್ಲಿ ತೆನೆಯ ಅಭ್ಯರ್ಥಿ ನಿಂತಿದ್ದರು. ಚೌಕದಿಂದ ಕಾರಿನಲ್ಲಿ ಬಂದವರು ಅವನಿಗಿಂತ ಮೊದಲೇ ತಲುಪಿದ್ದರು.

"ತಿಲಾ, ಬಂದೆ ಕಣೇ," ಎಂದ. "ನೋಡು, ಬಂದೇಬಿಟ್ಟೆ."

ತಿಲಾ ಅವನ ಮುಖ ನೋಡಲಿಲ್ಲ. ಕೈ ನೋಡಿದಳು. ಆ ಕೈ ಮತ್ತು ಈ ಕೈ. ಆಮೇಲೆ ಬಾಗಿಲಿನ ಕಡೆ ನೋಡಿದಳು.

"ಕೊಡ ಎಲ್ಲಿ?"

"ಯಾವ ಕೊಡ?"

"ಬರೀ ಕೈಲಿ ಬಂದ್ಯಾ? ಧಣಿ ನಿನಗೆ ಹೇಳಲಿಲ್ವಾ?"

ಪಾದ್ರಿ ಬರ್ನಾಬೆ ಮುಂದೆ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. ಅವರ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಮಗನೇ, ಸಂತೋಷದ ಸುದ್ದಿ. ಎರಡೂ ಕೂಟಗಳು ಒಂದಾಗಿವೆ. ಜನರ ಒತ್ತಾಯಕ್ಕೆ ಮಣಿದು. ಇಬ್ಬರೂ ಮಹನೀಯರು ನಿನ್ನ ಮದುವೆಗೆ ಧರ್ಮಪಿತರಾಗಿ ನಿಲ್ಲೋಕೆ ಒಪ್ಪಿದ್ದಾರೆ. ಊಟ ಅವರದೇ, ಮರಿಂಬಾ ಅವರದೇ. ಚರ್ಚಿಗೆ ಹೊಸ ಛಾವಣಿನೂ ಹಾಕಿಸ್ತಾರಂತೆ. ಮಂತ್ರ ಮುಗೀತಿದ್ದ ಹಾಗೆ ಬಾಗಿಲಲ್ಲಿ ನಿಂತು ಜನಕ್ಕೆಲ್ಲ ಹೊಸ ಕೊಡ ಹಂಚ್ತಾರೆ. ಫೋಟೊ ತೆಗೆಯೋರೂ ಬಂದಿದ್ದಾರೆ."

"ಹೊಸ ಕೊಡ ಅಂದ್ರೆ?" ಎಂದು ಕೇಳಿದ ಚೆಮೊ.

ವಕೀಲ ಓವಾಯೆ ಮತ್ತು ಮೇಷ್ಟ್ರು ಸಾಂದೋವಲ್ ಮೊದಲ ಸಾಲಿನಲ್ಲಿ ಒಂದೇ ಹಾಡಿನ ಪುಸ್ತಕ ಹಿಡಿದು ಕೂತಿದ್ದರು. "ಅದೇನಯ್ಯಾ, ಮಧ್ಯಾಹ್ನದ್ದು," ಎಂದರು ಮೇಷ್ಟ್ರು. "ಹಸಿರು. ಬರೀ ಹಸಿರಲ್ಲ ಮತ್ತೆ. ಗೆರೆ ಗೆರೆ ಇರಬೇಕು. ಎಲ್ಲಿ ನಾವು ಮುಗೀತೀವಿ, ಎಲ್ಲಿ ಇವರು ಶುರುವಾಗ್ತಾರೆ ಅಂತ ಗೊತ್ತಾಗಬಾರದು."

"ಎಲ್ಲಾ ಪುಡಿ ಮಾಡಿಸಿದ್ರಲ್ಲ ಮೇಷ್ಟ್ರೇ! ನೆಲ ಗುಡಿಸಿ ಹಾಕಿದ್ರು ವಕೀಲರು!"

"ಆಗ ನಾವು ವಿರೋಧಿಗಳಾಗಿದ್ವಿ," ಎಂದರು ವಕೀಲರು ಗಂಭೀರವಾಗಿ.

"ಆ ಗೆರೆ ಬೇಕು ಅಂದ್ರೆ ಬರಲ್ಲ ಸ್ವಾಮಿ. ಯಂತ್ರ ಗಲೀಜಾಗಿದ್ರೆ ಮಾತ್ರ ಬರುತ್ತೆ. ಇಡೀ ದಿನ ಕೂತು ತೊಳೆದಿದ್ದೀನಿ ನಾನು!"

"ಹಾಗಾದ್ರೆ ಗಲೀಜು ಮಾಡು," ಎಂದರು ಪಾದ್ರಿ ಮೆತ್ತಗೆ. "ಬೇಗ ಹೋಗು. ಏಳಕ್ಕೆ ಇವರಿಬ್ಬರಿಗೂ ಪಕ್ಕದ ಊರಲ್ಲಿ ಸಭೆ. ಅಷ್ಟರಲ್ಲಿ ಕೊಡ ಬರದೇ ಹೋದ್ರೆ ಇವತ್ತಿನ ಮದುವೆ ಇಲ್ಲ. ಇನ್ನೊಂದು ದಿನ ನಾನು ಕೊಡಲ್ಲ ಅಂತ ಮೊದಲೇ ಹೇಳಿದ್ದೀನಿ, ನೆನಪಿದೆ ತಾನೆ?"

ಚೆಮೊ ತಿಲಾಳ ಕಡೆ ತಿರುಗಿದ. ಹದಿಮೂರು ವರ್ಷ ಆ ಯಂತ್ರವನ್ನು ಸವತಿಯ ಹಾಗೆ ಬೈದವಳು. ಬಾಡಿದ ಹೂವನ್ನು ಎರಡು ಸಲ ಅವನ ಮುಖಕ್ಕೆ ಎಸೆದವಳು. ಇಡೀ ಚರ್ಚಿನಲ್ಲಿ ಹೋಗಬೇಡ ಎನ್ನುವವಳು ಒಬ್ಬಳಾದರೂ ಇದ್ದಾಳೆಂದು ಅವನು ಬಲವಾಗಿ ನಂಬಿದ್ದ.

ತಿಲಾ ಅವನ ಶರಟಿನ ಕಾಲರು ಸರಿ ಮಾಡಿದಳು. ಕೆನ್ನೆಯ ಮೇಲಿನ ಹಸಿರನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದೇ ಬಣ್ಣ. ಸರಿಯಾಗಿ ನೋಡಿಕೋ, ಮರೀಬೇಡ," ಎಂದಳು. "ಓಡು. ಅಮ್ಮನಿಗೆ ಒಂದು ದೊಡ್ಡದು ಎತ್ತಿಟ್ಟಿರು."

ಚೆಮೊ ಬಂದ ದಾರಿಯಲ್ಲೇ ತಿರುಗಿ ನಡೆದ. ಸಾಲುಸಾಲಿನಲ್ಲೂ ಜನ ಎದ್ದು ಅವನ ಬೆನ್ನು ತಟ್ಟಿದರು, ಕೈ ಕುಲುಕಿದರು, ದೇವರು ಒಳ್ಳೆಯದು ಮಾಡಲಿ ಎಂದು ಮನಸಾರೆ ಹಾರೈಸಿದರು. ಮದುವೆಗಲ್ಲ, ಕೊಡಕ್ಕೆ.